ಖಾಲಿ ಕ್ಯಾಮೆರಾದ ಮುಂದೆ

ಇದು ನಿಜವಾಗಿ ನಡೆದ ಕಥೆ. ಹಾಲಿವುಡ್ಡಿನಲ್ಲಿ ಯಾರಾದರೂ ಹೀಗೆಂದರೆ ಕೇಳುವವರು ಮೊದಲು ಜೇಬು ತಡವಿಕೊಂಡು ಆಮೇಲೆ ಕಿವಿ ಕೊಡುತ್ತಾರೆ. ನೀವೂ ಹಾಗೇ ಮಾಡಿದರೆ ಬೇಸರವಿಲ್ಲ. ಊರೇ ಅಂಥದ್ದು. ಅಲ್ಲಿ ಮಳೆ ಬರುವುದು ಕೊಳವೆಯಿಂದ, ಹಿಮ ಬೀಳುವುದು ಬುಟ್ಟಿಯಿಂದ, ಮೂವತ್ತೊಂಬತ್ತರ ಹೆಂಗಸಿಗೆ ಮೂವತ್ಮೂರು ತುಂಬುವುದು ಪ್ರಚಾರ ವಿಭಾಗದಿಂದ.

ಆ ಹೆಂಗಸು ಐರಿಸ್ ಹಾರ್ಲ್ಯಾಂಡ್. ಸೀಕ್ವೋಯಾ ಸ್ಟುಡಿಯೋದ ಮಹಾತಾರೆ. ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿಯ ವಸಂತದ ಒಂದು ಬೆಳಿಗ್ಗೆ ಮೇಕಪ್ ಕೋಣೆಯಲ್ಲಿ ಕೂತು, ಹಚ್ಚಿದ್ದನ್ನೆಲ್ಲ ತಾನೇ ಬಿಸಿ ಬಟ್ಟೆಯಿಂದ ಒರೆಸಿ ಹಾಕಿದಳು. ಬಣ್ಣ ಹಚ್ಚಿದವಳಿಗೆ ಗಾಬರಿ. ಇಷ್ಟು ವರ್ಷದಲ್ಲಿ ಈ ಮುಖವನ್ನು ಬಣ್ಣವಿಲ್ಲದೆ ಆಕೆಯೂ ನೋಡಿರಲಿಲ್ಲ. ಐರಿಸ್ ಕನ್ನಡಿಯಲ್ಲಿ ಕಣ್ಣಿನ ಕೆಳಗಿನ ಗೆರೆಗಳನ್ನು ಒಂದೊಂದಾಗಿ ನೋಡಿ, ಈವತ್ತು ಇವುಗಳಿಗೂ ಸಂಬಳ ಕೊಡಿಸ್ತೀನಿ ಅಂದಳಂತೆ.

ಅವಳಿಗೆ ಒಂದು ಪಾತ್ರ ಬೇಕಾಗಿತ್ತು. ಬೇಕಾಗಿತ್ತು ಅಂದರೆ ಬೇರೆ ಯಾವುದೂ ಬೇಕಾಗಿರಲಿಲ್ಲ. ಸ್ಟುಡಿಯೋ ತೆಗೆಯಲಿದ್ದ ದೊಡ್ಡ ಚಿತ್ರದಲ್ಲಿ ಕಲ್ಲಿದ್ದಲು ಗಣಿಯ ಊರಿನ ಒಬ್ಬ ವಿಧವೆ. ಗಂಡ ಗಣಿಯಲ್ಲಿ ಸತ್ತ ಮೇಲೆ ಕಂಪನಿಯವನು ಬಂದು ಮನೆ ಖಾಲಿ ಮಾಡಿಸುತ್ತಾನೆ. ಅದು ಸಿಕ್ಕರೆ ಐರಿಸ್ ಸೀಕ್ವೋಯಾದಲ್ಲಿ ಉಳಿಯುತ್ತಾಳೆ. ಸಿಗದಿದ್ದರೆ ಜೂನ್ ತಿಂಗಳಲ್ಲಿ ಅವಳ ಒಪ್ಪಂದ ಮುಗಿಯುತ್ತದೆ, ಅವಳೂ ಮುಗಿಯುತ್ತಾಳೆ. ಒಂದು ಸ್ಟುಡಿಯೋ ಕೈಬಿಟ್ಟ ಮೂವತ್ತೊಂಬತ್ತರ ನಾಯಕಿಯನ್ನು ಇನ್ನೊಂದು ಸ್ಟುಡಿಯೋ ಎತ್ತಿಕೊಂಡ ಉದಾಹರಣೆ ಆ ಊರಿನಲ್ಲಿ ಯಾರ ನೆನಪಿನಲ್ಲೂ ಇರಲಿಲ್ಲ.

ಆದರೆ ಅವಳ ಹಟಕ್ಕೆ ಅದೊಂದೇ ಕಾರಣವಲ್ಲ. ಪತ್ರಿಕೆಗಳ ಪ್ರಕಾರ ಐರಿಸ್ ಹಾರ್ಲ್ಯಾಂಡ್ ವರ್ಜೀನಿಯಾದ ನೌಕಾದಳದ ಅಧಿಕಾರಿಯ ಮಗಳು, ಕುದುರೆ ಸವಾರಿ ಅವಳಿಗೆ ನಡಿಗೆಗಿಂತ ಮೊದಲು ಬಂದಿತ್ತು. ಚರ್ಚಿನ ದಾಖಲೆಯ ಪ್ರಕಾರ ಅವಳು ಆಗ್ನೆಸ್ ಹ್ರುಷ್ಕಾ, ಪೆನ್ಸಿಲ್ವೇನಿಯಾದ ಗಣಿ ಕೇರಿಯವಳು, ಕುದುರೆಗಿಂತ ಮೊದಲು ಹೇಸರಗತ್ತೆ ನೋಡಿದವಳು. ಅಪ್ಪ ಗಣಿಯೊಳಗೇ ಉಳಿದ. ಕಂಪನಿಯವನು ಬಂದು ಮನೆ ಬಿಡಿಸಿದ ದಿನ ಅವಳು ಅಮ್ಮನ ಲಂಗ ಹಿಡಿದು ನಿಂತಿದ್ದಳು. ಹೊಟ್ಟೆಪಾಡಿಗೆ ಊರೂರು ಸುತ್ತುವ ವಿನೋದ ಮಂಡಳಿ ಸೇರಿದಾಗ ಅವಳ ಬಂಡವಾಳ ಗಂಟಲು. ಪಾದ್ರಿ, ಪೊಲೀಸ, ಹಲ್ಲಿಲ್ಲದ ಅಜ್ಜಿ, ಮೊಟ್ಟೆಯಿಟ್ಟು ಬೀಗುವ ಕೋಳಿ, ಎಲ್ಲರೂ ಅದೊಂದೇ ಗಂಟಲಲ್ಲಿ ಬಾಡಿಗೆಗಿದ್ದರು. ಅಂಥವಳನ್ನು ಹಾಲಿವುಡ್ಡು ಎತ್ತಿಕೊಂಡು ಹೋಗಿ ಹಾಕಿದ್ದು ಮೂಕಿ ಚಿತ್ರಕ್ಕೆ. ಕಣ್ಣು ಚೆನ್ನಾಗಿದೆ, ಬಾಯಿ ಮುಚ್ಚಿಕೊಂಡಿರು ಅಂದರು. ಮುಚ್ಚಿಕೊಂಡಿದ್ದಳು. ಚಿತ್ರಕ್ಕೆ ಮಾತು ಬಂದ ಮೇಲೆ ಉಚ್ಚಾರದ ಮೇಷ್ಟರನ್ನಿಟ್ಟು ನಾಲಿಗೆಯಿಂದ ಗಣಿಯ ಮಸಿಯನ್ನೆಲ್ಲ ತೊಳೆಸಿದರು. ಹಲ್ಲು ಸಾಲು ಮಾಡಿದರು, ಹಣೆ ಅಗಲ ಮಾಡಿದರು, ಹೆಸರು ಕಟ್ಟಿದರು. ಅಲ್ಲಿಂದ ಮುಂದೆ ಅವಳು ನಟಿಸಿದ್ದೆಲ್ಲ ರೇಷ್ಮೆ ಗೌನು ಹಾಕಿ ಮೆಟ್ಟಿಲಿಳಿಯುವ ಪಾತ್ರಗಳೇ. ದೇಶವೇ ಅವಳು ಇಳಿಯುವುದನ್ನು ನೋಡಲು ಟಿಕೆಟ್ಟು ಕೊಂಡಿತು. ಆ ಗಡಿಬಿಡಿಯಲ್ಲಿ ಇಬ್ಬರು ಗಂಡಂದಿರೂ ಬಂದುಹೋದರು, ಒಬ್ಬ ವಾದ್ಯಗೋಷ್ಠಿಯವನು, ಇನ್ನೊಬ್ಬ ಪೋಲೋ ಆಡುವವನು. ಕಳೆದ ಎರಡು ವರ್ಷದಿಂದ ಮಾತ್ರ ಅವಳು ಮೆಟ್ಟಿಲಿಳಿದರೆ ಚಿತ್ರವೂ ಜೊತೆಗೇ ಇಳಿಯುತ್ತಿತ್ತು.

ಸ್ಟುಡಿಯೋದ ಯಜಮಾನ ಎಮ್ಮೆಟ್ ಬ್ರಾಕ್ಸ್ಟನ್ ಆ ವಿಧವೆಯ ಪಾತ್ರವನ್ನು ಆಗಲೇ ಡೋರೀನ್ ಫೇ ಎಂಬ ಹೊಸ ಹುಡುಗಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಆದರೆ ಐರಿಸಳ ಹಳೆಯ ಒಪ್ಪಂದದಲ್ಲಿ ಒಂದು ಷರತ್ತಿತ್ತು. ಅವಳು ಕೇಳಿದ ಪಾತ್ರಕ್ಕೆ ಅವಳನ್ನು ಒಮ್ಮೆ ಕ್ಯಾಮೆರಾ ಮುಂದೆ ಪರೀಕ್ಷಿಸದೆ ಹೊರಹಾಕುವಂತಿಲ್ಲ. ಅವಳು ಕೇಳಿದಳು. ಬ್ರಾಕ್ಸ್ಟನ್ ಅವಳನ್ನು ತನ್ನ ಕೋಣೆಗೆ ಕರೆಸಿ, ಕೈ ಹಿಡಿದುಕೊಂಡು, ಅದಕ್ಕೇನಂತೆ ಮಗಳೇ ಎಂದು ಅತ್ತ.  ಆತ ಒಂದು ಕಾಲದಲ್ಲಿ ಡೇರೆ ಹಾಕಿಕೊಂಡು ಸಂತೆಗಳಲ್ಲಿ ಸರ್ವರೋಗದ ಎಣ್ಣೆ ಮಾರುತ್ತಿದ್ದವನು. ಅವನ ಕಣ್ಣೀರು ಬಿದ್ದ ಜಾಗದಲ್ಲಿ ಯಾರದಾದರೂ ಕೆಲಸ ಬಿದ್ದಿರುತ್ತಿತ್ತು.

ಪರೀಕ್ಷೆಯ ಆ ಬೆಳಿಗ್ಗೆ ಸೆಟ್ಟಿನಲ್ಲಿ ಒಂದು ಮುರುಕು ಗೋಡೆ, ಒಂದು ಒಲೆ, ಒಂದು ಕುರ್ಚಿ ಇಟ್ಟಿದ್ದರು. ಐರಿಸ್ ಕಾಲಿಟ್ಟ ಗಳಿಗೆಯಿಂದ ಅಲ್ಲಿ ಏನೋ ಸರಿಯಿಲ್ಲ ಅನಿಸತೊಡಗಿತು. ಎಲ್ಲರೂ ಅತಿಯಾಗಿ ಒಳ್ಳೆಯವರಾಗಿದ್ದರು. ದೀಪದವರು ಟೋಪಿ ತೆಗೆದು ನಮಸ್ಕಾರ ಹೇಳಿದರು. ನಿರ್ದೇಶಕ ಡೆಕ್ಸ್ಟರ್ ಪೈಕ್, ಯಾರು ಮಾತಾಡಿದರೂ ಅರ್ಧದಲ್ಲಿ ಕತ್ತರಿಸುವವನು, ಅವಳ ಮಾತನ್ನು ಕೊನೆಯವರೆಗೆ ಕೇಳಿದ. ಕುರ್ಚಿ ತಂದು ಹಾಕಿದ. ಕಾಫಿ ತರಿಸಿದ. ನೀನು ಹೇಗೆ ಮಾಡಿದರೂ ಸರಿ ಐರಿಸ್, ನಿನಗೆ ಹೇಳಿಕೊಡೋದಕ್ಕೆ ನಾನು ಯಾರು ಎಂದ. ಹೇಳಿಕೊಡುವುದಕ್ಕೇ ಸಂಬಳ ತೆಗೆದುಕೊಳ್ಳುವವನು ಹಾಗೆ ಹೇಳಿದರೆ ಯಾರಿಗಾದರೂ ಗುಮಾನಿ ಬರುತ್ತದೆ.

ಕ್ಯಾಮೆರಾದ ಹಿಂದೆ ಗಸ್ ಲಿಂಡ್‌ಕ್ವಿಸ್ಟ್ ಇದ್ದ. ಅವಳ ಮೊದಲ ಚಿತ್ರದಿಂದ ಅವಳ ಮುಖವನ್ನು ಬೆಳಗಿಸಿದವನು. ಅವಳನ್ನು 'ರಾಣಿ' ಎನ್ನುತ್ತಿದ್ದ, ಅವಳು ಅವನನ್ನು 'ಮುದುಕ' ಎನ್ನುತ್ತಿದ್ದಳು. ಪ್ರತಿ ಶಾಟಿಗೂ ಮೊದಲು ಅವನದೊಂದು ಕ್ರಮವಿತ್ತು. ಟೇಪು ಹಿಡಿದು ಬರುತ್ತಿದ್ದ, ಒಂದು ತುದಿ ಮಸೂರಕ್ಕೆ, ಇನ್ನೊಂದು ತುದಿ ಅವಳ ಕಣ್ಣಿನ ಅಂಚಿಗೆ. ದೂರ ಅಳೆಯದೆ ಮುಖ ಸ್ಪಷ್ಟವಾಗಿ ಬರುವುದಿಲ್ಲ. ಸಹಾಯಕರಿದ್ದರೂ ಅವಳನ್ನು ಅಳೆಯುವ ಕೆಲಸ ಅವನು ಯಾರಿಗೂ ಬಿಟ್ಟವನಲ್ಲ. ಅಳೆಯುವಾಗ ಕಿವಿಯಲ್ಲಿ ಒಂದು ಪೋಲಿ ಜೋಕು ಹೇಳುವುದೂ ಆ ಕ್ರಮದ ಭಾಗವೇ.

ಪೈಕ್ ಸಿದ್ಧವೇ ಎಂದು ಕೇಳಿದ. ದೀಪಗಳು ಹತ್ತಿದವು. ಐರಿಸ್ ಅಭ್ಯಾಸಬಲದಿಂದ ಗಲ್ಲ ಎತ್ತಿ ಟೇಪಿಗಾಗಿ ಕಾದಳು.

ಟೇಪು ಬರಲಿಲ್ಲ. ಗಸ್ ಕ್ಯಾಮೆರಾದ ಯಾವುದೋ ತಿರುಪನ್ನು ತಿರುಗಿಸುತ್ತಿದ್ದ. ಆ ತಿರುಪು ಆಗಲೇ ಸಾಕಷ್ಟು ತಿರುಗಿತ್ತು. ಅವನು ತಲೆ ಎತ್ತಲಿಲ್ಲ.

ಐರಿಸ್ ಎತ್ತಿದ ಗಲ್ಲವನ್ನು ಇಳಿಸಿದಳು. ಖಾಲಿ ಕ್ಯಾಮೆರಾ. ಆ ಊರಿನಲ್ಲಿ ಅದು ಮೂಕಿ ಕಾಲದಿಂದ ಬಂದ ಪದ್ಧತಿ. ಬ್ಯಾಂಕಿನವರ ಸೋದರ ಸೊಸೆ, ನಗರಸಭೆಯವರ ಪ್ರೇಯಸಿ, ತಾನೂ ನಟಿ ಎಂದು ನಂಬಿದ ದಂತವೈದ್ಯರ ಹೆಂಡತಿ, ಇಂಥವರು ಬಂದರೆ ಮುಖ ಮುರಿಯಬಾರದಲ್ಲ. ದೀಪ ಹಚ್ಚುತ್ತಾರೆ, ಕ್ಲ್ಯಾಪ್ ಹಲಗೆ ಬಡಿಯುತ್ತಾರೆ, ಕ್ಯಾಮೆರಾ ಓಡಿಸುತ್ತಾರೆ, ಒಳಗೆ ಫಿಲ್ಮ್ ಮಾತ್ರ ಇರುವುದಿಲ್ಲ. ಬಂದವರು ಧನ್ಯರಾಗಿ ಮನೆಗೆ ಹೋಗುತ್ತಾರೆ, ಸೆಟ್ಟಿನವರು ಒಂದು ವಾರ ನಗುತ್ತಾರೆ. ಅಂಥ ಒಬ್ಬ ಹೆಂಗಸಿನ ಎದುರು ಐರಿಸಳೂ ಒಮ್ಮೆ ನಟಿಸಿದ್ದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಈಗ ಅರ್ಥವಾಯಿತು. ಫಿಲ್ಮ್ ಉಳಿಸಲು ಮಾಡಿದ್ದಲ್ಲ ಇದು. ಪರೀಕ್ಷೆ ಮಾಡಿದ್ದೇವೆ ಎಂದು ವಕೀಲರಿಗೆ ತೋರಿಸಬಹುದು. ಆದರೆ ಚಿತ್ರವಿದ್ದರೆ ನಾಳೆ ಯಾರಾದರೂ ನೋಡಿ, ಇವಳೇ ಚೆನ್ನಾಗಿದ್ದಾಳಲ್ಲ ಎಂದುಬಿಟ್ಟರೆ? ಇಲ್ಲದ ಚಿತ್ರವನ್ನು ಯಾರೂ ಮೆಚ್ಚುವುದಿಲ್ಲ.

ಎದ್ದು ಹೋಗಬಹುದಿತ್ತು. ಪರೀಕ್ಷೆ ನಿರಾಕರಿಸಿದಳು ಎಂದು ಸಂಜೆಯೊಳಗೆ ಒಪ್ಪಂದ ಹರಿಯುತ್ತಿತ್ತು. ಕ್ಯಾಮೆರಾ ತೆರೆದು ತೋರಿಸಿ ಎಂದು ಕೂಗಾಡಬಹುದಿತ್ತು. ಹುಚ್ಚಿ ಎಂದು ಪತ್ರಿಕೆಗಳಿಗೆ ಹೇಳುತ್ತಿದ್ದರು. ಏನೂ ಗೊತ್ತಿಲ್ಲದವಳಂತೆ ನಟಿಸಿ ಮುಗಿಸಬಹುದಿತ್ತು. ಆಗ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಜಮಾನನ ಮೇಜಿನಿಂದ ಎಂಥ ನಗು ಏಳುತ್ತದೆಂದು ಅವಳಿಗೆ ಗೊತ್ತಿತ್ತು. ಆ ನಗುವನ್ನು ಅವಳು ಅನುಕರಿಸಿ ತೋರಿಸಬಲ್ಲವಳಾಗಿದ್ದಳು.

ಯೋಚನೆ ಅಲ್ಲಿಗೆ ಬಂದಾಗ ಅವಳೊಳಗಿನ ಆಗ್ನೆಸ್ ಹ್ರುಷ್ಕಾ ತಲೆಯೆತ್ತಿದಳು. ಯಾರೂ ನೋಡದ ಮೇಲೆ ಹೆದರಿಕೆ ಯಾರದು?

ಕಂಪನಿಯವನ ಮಾತುಗಳನ್ನು ಓದಲು ಪೈಕ್ ಕಾಗದ ಹಿಡಿದು ಕ್ಯಾಮೆರಾ ಪಕ್ಕದಲ್ಲಿ ನಿಂತಿದ್ದ.

"ನೀನು ಕೂತ್ಕೋ ಡೆಕ್ಸ್ಟರ್. ಎರಡೂ ಕಡೆ ಮಾತು ನಾನೇ ಆಡ್ತೀನಿ," ಎಂದಳು.

ಅವನಿಗೆ ಅದು ಇನ್ನೂ ಅನುಕೂಲವಾಯಿತು. ಹಲಗೆ ಬಡಿದರು. ಹೊರಗೆ ನಿಲ್ಲಿಸಿದ್ದ, ಧ್ವನಿ ಮುದ್ರಿಸುವ ಲಾರಿಯಿಂದ, ಒಳಗೆ ಏನು ನಡೆಯುತ್ತಿದೆಯೆಂದು ಕಾಣದೆ ಕೂತಿದ್ದ ಓಡೆಲ್ ಎಂಬವನು ಧ್ವನಿವರ್ಧಕದಲ್ಲಿ, "ಓಡ್ತಿದೆ" ಎಂದ. ಅದೂ ನಾಟಕದ ಭಾಗವೆಂದು ಐರಿಸ್ ತಿಳಿದಳು. ಪೈಕನೂ ಹಾಗೇ ತಿಳಿದ.

ಅವಳು ಕುರ್ಚಿಯ ಬೆನ್ನಿಗೆ ಕೈ ಕೊಟ್ಟು, ಗಲ್ಲವನ್ನು ಕತ್ತಿನೊಳಕ್ಕೆ ಎಳೆದುಕೊಂಡಳು. ಹೊಟ್ಟೆ ಮುಂದೆ ಬಂತು. ಇಲ್ಲದ ಚುಟ್ಟಾ ಬೆರಳ ನಡುವೆ ಬಂತು. ಬಾಯಿ ತೆರೆದಾಗ ಬಂದದ್ದು ಯಜಮಾನ ಎಮ್ಮೆಟ್ ಬ್ರಾಕ್ಸ್ಟನ್ನನ ದನಿ, ಜೇನಿನಲ್ಲಿ ಅದ್ದಿದ ಗರಗಸ.

"ಮಗಳೇ, ಕೂತ್ಕೋ. ಕುರ್ಚಿ ಕಂಪ್ನಿದು, ಆದ್ರೂ ಕೂತ್ಕೋ. ನಿನ್ ಗಂಡ ನಂಗೆ ತಮ್ಮನ ಹಾಗೆ. ಗಣಿ ಅವನ ಮೇಲೆ ಕುಸೀತು ಅಂತ ಕೇಳಿದ್ ದಿನ ನಾನು ಊಟ ಬಿಟ್ಟೆ. ಮಧ್ಯಾಹ್ನದ್ದು. ನನ್ ಕಣ್ಣು ನೋಡು ಇಲ್ಲಿ, ಹ್ಯಾಗ್ ಸುರೀತಿದೆ. ಈ ಕಣ್ಣೀರೆಲ್ಲ ನಿಂದೇ ಮಗಳೇ, ಇಟ್ಕೋ. ಮನೆ ಮಾತ್ರ ನಮ್ದು."

ದೀಪದವನೊಬ್ಬ ಬಾಯಿಗೆ ಟೋಪಿ ತುರುಕಿಕೊಂಡ. ಇನ್ನೊಬ್ಬ ಏಣಿ ಹಿಡಿದು ನಗು ನುಂಗುತ್ತಿದ್ದ. ಪೈಕ್ ಬೆಳ್ಳಗಾದ, ಆಮೇಲೆ ಕ್ಯಾಮೆರಾ ಖಾಲಿಯಲ್ಲವೇ ಎಂದು ನೆನಪಾಗಿ ಅವನ ಮುಖಕ್ಕೆ ರಕ್ತ ವಾಪಸು ಬಂತು. ಅವನೂ ನಗಲು ಸಿದ್ಧನಾಗುತ್ತಿದ್ದ.

ಆ ಹೊತ್ತಿಗೆ ಐರಿಸ್ ಕುರ್ಚಿಯ ಈ ಕಡೆಗೆ ಬಂದಳು. ಬಗ್ಗಿ ಒಲೆಯ ಮೇಲಿನ ಪಾತ್ರೆಯ ಕಿವಿ ಹಿಡಿದಳು. ಬರೆದುಕೊಟ್ಟ ಮಾತು ಅವಳಿಗೆ ಬಾಯಿಪಾಠವಿತ್ತು. ಅದು ಬರಲಿಲ್ಲ. ಉಚ್ಚಾರದ ಮೇಷ್ಟರು ತೊಳೆದು ತೆಗೆದಿದ್ದ ದನಿ ಎಲ್ಲಿಂದಲೋ ಬಂತು. ಅದು ಅನುಕರಣೆಯೂ ಹೌದು, ಅಲ್ಲವೂ ಹೌದು. ಅಮ್ಮನ ದನಿಯನ್ನು ಅವಳು ಯಾವ ವೇದಿಕೆಯ ಮೇಲೂ, ಯಾವ ಚಪ್ಪಾಳೆಗೂ ತೆಗೆದಿರಲಿಲ್ಲ.

"ದಿನಾ ಸಂಜೆ ಅವ್ರು ಬರೋ ಹೊತ್ಗೆ ನೀರ್ ಕಾಸ್ತಿದ್ದೆ ಸ್ವಾಮಿ. ಮೈ ತೊಳ್ಕಳಕ್ಕೆ. ಮೂರು ನೀರ್ ಹಾಕುದ್ರೂ ಬೆನ್ನಿನ್ ಮಸಿ ಹೋಗ್ತಿರ್ಲಿಲ್ಲ. ಅವತ್ತೂ ಕಾಸಿದ್ದೆ. ಆ ನೀರು ಹಂಗೇ ಅದೆ. ನಿಮ್ ಮನೆ ಬಿಡ್ತೀನಿ, ಇಲ್ಲ ಅನ್ನಕಿಲ್ಲ. ಇದೊಂದ್ ಚೆಲ್ಲಿ ಬತ್ತೀನಿ. ಅಲ್ಲೀಗಂಟ ವಸಿ ಆಚೇಲ್ ನಿಂತ್ಕಳಿ."

 ಟೋಪಿ ಕಚ್ಚಿದ್ದವನು ಟೋಪಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪೈಕ್ ಕೊನೆಗೆ ಪದ್ಧತಿ ನೆನಪಾಗಿ, "ಕಟ್" ಎಂದ. ಪದ್ಧತಿಯ ಪ್ರಕಾರ ಬಂದವರ ಮನಸ್ಸಿಗೆ ಸಂತೋಷವಾಗುವಂತೆ ಇನ್ನೊಂದು ಮಾತನ್ನೂ ಸೇರಿಸಬೇಕು. ಅದನ್ನೂ ಸೇರಿಸಿದ. "ಅದ್ಭುತ. ಪ್ರಿಂಟ್ ಮಾಡಿ."

ಗಸ್ ಕ್ಯಾಮೆರಾಕ್ಕೆ ಹೊದಿಕೆ ಹಾಕುತ್ತಿದ್ದ. ಐರಿಸ್ ಅವನ ಮುಂದೆ ಹಾದು ಹೋಗುವಾಗ ನಿಂತಳು. ಅವನು ಹೊದಿಕೆಯ ದಾರ ಕಟ್ಟುತ್ತಲೇ ಇದ್ದ.

ಮರುದಿನ ಮಧ್ಯಾಹ್ನ ಅವಳು ಕೋಣೆಯಲ್ಲಿ ತನ್ನ ಸಾಮಾನು ಕಟ್ಟುತ್ತಿದ್ದಾಗ ಗಸ್ ಬಾಗಿಲು ತಟ್ಟದೆ ಒಳಗೆ ಬಂದ. ಓಡಿ ಬಂದಿದ್ದ. ಆ ವಯಸ್ಸಿನಲ್ಲಿ, ಆ ಹೊಟ್ಟೆಯಲ್ಲಿ ಅವನು ಓಡಿದ್ದನ್ನು ಅವಳು ಕಂಡಿರಲಿಲ್ಲ. ಕ್ಷಮೆ ಕೇಳಲು ಬಂದಿದ್ದಾನೆಂದು ತಿಳಿದು ಮುಖ ತಿರುಗಿಸಿದಳು.

"ಬೈಯೋದು ಆಮೇಲೆ ಬೈಯಿ ರಾಣಿ. ಧ್ವನಿ ಓಡ್ತಿತ್ತು."

ಅವಳಿಗೆ ತಕ್ಷಣ ಹೊಳೆಯಲಿಲ್ಲ. ಅವನು ಏದುಸಿರು ಬಿಡುತ್ತ ವಿವರಿಸಿದ. ಖಾಲಿ ಕ್ಯಾಮೆರಾದ ಆಟ ಮೂಕಿ ಕಾಲದ್ದು. ಆಗ ಕ್ಯಾಮೆರಾದವರಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ. ಮಾತು ಬಂದ ಮೇಲೆ ಧ್ವನಿಯವರು ಬಂದರು, ಬೇರೆ ಲಾರಿ, ಬೇರೆ ಫಿಲ್ಮ್, ಬೇರೆ ಮೇಸ್ತ್ರಿ. ಕ್ಯಾಮೆರಾದವರಿಗೂ ಅವರಿಗೂ ಮೊದಲ ದಿನದಿಂದ ಮಾತಿಲ್ಲ. ಗಸ್ ಹೇಳಿರ್ತಾನೆ ಅಂತ ಪೈಕ್ ಅಂದುಕೊಂಡ, ಪೈಕ್ ಹೇಳಿರ್ತಾನೆ ಅಂತ ಗಸ್ ಅಂದುಕೊಂಡ. ಓಡೆಲ್‌ಗೆ ಯಾರೂ ಹೇಳಲಿಲ್ಲ. ಅವನು ಎಲ್ಲವನ್ನೂ ಹಿಡಿದ. ಪ್ರಿಂಟ್ ಎಂದು ಕೇಳಿಸಿತು, ಪ್ರಿಂಟಿಗೆ ಕಳಿಸಿದ. ಸಂಕಲನದವನು ಚಿತ್ರಕ್ಕಾಗಿ ಹುಡುಕಿ, ಸಿಗದೆ, ಧ್ವನಿಗೆ ಸರಿಯಾಗಿ ಕಪ್ಪು ಫಿಲ್ಮ್ ಜೋಡಿಸಿ ಇವತ್ತಿನ ಪ್ರದರ್ಶನದ ಸುರುಳಿಗೆ ಸೇರಿಸಿದ್ದಾನೆ. ಡೋರೀನ್ ಫೇಯ ಪರೀಕ್ಷೆ ಮುಗಿದ ಕೂಡಲೇ ಇದು. ನೋಡಲು ಕೂತವರು ಯಜಮಾನರು, ಪೈಕ್, ಮತ್ತು ಚಿತ್ರಕ್ಕೆ ದುಡ್ಡು ಹಾಕುವ ನ್ಯೂಯಾರ್ಕಿನ ಥಡಿಯಸ್ ಲೋರಿಂಗ್.

ಐರಿಸ್ ಕೈಯಲ್ಲಿದ್ದ ಸಾಮಾನನ್ನು ಕೆಳಗಿಟ್ಟಳು. ಪಾತ್ರ ಹೋಗುವುದು ಒಂದು, ಊರೇ ಹೋಗುವುದು ಇನ್ನೊಂದು. ಸ್ಟುಡಿಯೋ ಯಜಮಾನರೆಲ್ಲ ಶನಿವಾರ ಒಂದೇ ಮೇಜಿನಲ್ಲಿ ಇಸ್ಪೀಟು ಆಡುವವರು. ತನ್ನ ಕಣ್ಣೀರನ್ನು ಅಣಕಿಸಿದವಳ ಬಗ್ಗೆ ಬ್ರಾಕ್ಸ್ಟನ್ ಅಲ್ಲಿ ಒಂದು ಮಾತು ಆಡಿದರೆ, ಮುಂದೆ ಅವಳಿಗೆ ಈ ಊರಿನಲ್ಲಿ ಮೆಟ್ಟಿಲು ಗುಡಿಸುವ ಕೆಲಸವೂ ಸಿಗುತ್ತಿರಲಿಲ್ಲ.

ಪ್ರದರ್ಶನದ ಯಂತ್ರ ಓಡಿಸುವವನು ತನ್ನ ಸ್ನೇಹಿತ, ಕೇಳಿದರೆ ಆ ತುಂಡನ್ನು ಕತ್ತರಿಸಿ ಬಿಸಾಡುತ್ತಾನೆ ಎಂದ ಗಸ್. ಅವನು ಹೇಳಿ ಮುಗಿಸುವುದರೊಳಗೆ ಅವಳು ಬಾಗಿಲಾಚೆ ಇದ್ದಳು. ಸ್ಟುಡಿಯೋದ ಬೀದಿಯಲ್ಲಿ ರೋಮನ್ ಸೈನಿಕರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಅವರ ಈಟಿಗಳ ನಡುವೆ ನುಸುಳಿ ಓಡಿದಳು, ಹಿಂದೆ ಗಸ್. ಪ್ರದರ್ಶನ ಕೋಣೆಯ ಹಿಂಬದಿಯ ಮೆಟ್ಟಿಲು ಹತ್ತಿ ಯಂತ್ರದ ಗೂಡಿನ ಬಾಗಿಲ ಹಿಡಿಗೆ ಕೈ ಹಾಕಿದಳು.

ಒಳಗಿಂದ ಡೋರೀನ್ ಫೇಯ ದನಿ ಕೇಳುತ್ತಿತ್ತು. ಅದೇ ವಿಧವೆ, ಅದೇ ಒಲೆ. ಮುತ್ತು ಪೋಣಿಸಿದಂಥ ಉಚ್ಚಾರ. ಐರಿಸಳಿಗೆ ಕಲಿಸಿದ ಮೇಷ್ಟರೇ ಕಲಿಸಿದ್ದು, ಒಂದಕ್ಷರವೂ ತಪ್ಪಿಲ್ಲ. ಮನೆಯಿಂದ ಹೊರಗೆ ದಬ್ಬಿಸಿಕೊಳ್ಳುತ್ತಿರುವ ಹೆಂಗಸು ಚಹಾಕ್ಕೆ ಕರೆಯುವಂತೆ ಮಾತಾಡುತ್ತಿದ್ದಳು.

ಐರಿಸಳ ಕೈ ಹಿಡಿಯ ಮೇಲೇ ನಿಂತಿತು. ಕತ್ತರಿಸಿದರೆ ಯಜಮಾನನ ದನಿ ಹೋಗುತ್ತದೆ. ಅದೇ ತುಂಡಿನಲ್ಲಿ ಆ ನೀರಿನ ಪಾತ್ರೆಯೂ ಹೋಗುತ್ತದೆ. ಇನ್ನೊಂದು ಸಲ ಹೇಳು ಎಂದರೆ ಹೇಳಲಾರಳು, ಅದು ಅವಳಿಗೆ ಗೊತ್ತಿತ್ತು. ಗಸ್ ಅವಳನ್ನು ಸರಿಸಿ ಬಾಗಿಲು ತಳ್ಳಲು ಹೋದ. ಅವಳು ಅವನ ತೋಳು ಹಿಡಿದಳು.

"ಬೇಡ ಮುದುಕ. ಕೇಳ್ಲಿ."

ಅವನನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು, ಮುಂಬಾಗಿಲಿನಿಂದ ಕತ್ತಲ ಕೋಣೆಯೊಳಗೆ ಸರಿದು, ಕೊನೆಯ ಸಾಲಿನಲ್ಲಿ ಕೂತಳು. ಯಾರೂ ತಿರುಗಿ ನೋಡಲಿಲ್ಲ. ಮುಂದೆ ಯಜಮಾನನ ಬೋಳುತಲೆ, ಪಕ್ಕದಲ್ಲಿ ಲೋರಿಂಗನ ನರೆತ ತಲೆ, ಅದು ಎದೆಯ ಮೇಲೆ ವಾಲಿತ್ತು. ನ್ಯೂಯಾರ್ಕಿನವರು ಬೆಳಗಿನಿಂದ ಸುಂದರ ಮುಖಗಳನ್ನು ನೋಡಿ ನೋಡಿ ನಿದ್ದೆ ಹೋಗಿದ್ದರು.

ಪರದೆ ಕಪ್ಪಾಯಿತು. ಹಲಗೆ ಬಡಿದ ಸದ್ದು. ಆಮೇಲೆ ಆ ಕಪ್ಪಿನೊಳಗಿಂದ ಎಮ್ಮೆಟ್ ಬ್ರಾಕ್ಸ್ಟನ್ ಮಾತಾಡತೊಡಗಿದ. ಮಗಳೇ, ಕೂತ್ಕೋ.

ಲೋರಿಂಗ್ ಬೆಚ್ಚಿ ಎದ್ದು, ತನ್ನ ಪಕ್ಕದ ಯಜಮಾನನ ಕಡೆ ತಿರುಗಿದ. ಯಜಮಾನನ ಬಾಯಿ ಮುಚ್ಚಿತ್ತು. ಪೈಕ್ ಕುರ್ಚಿಯಲ್ಲಿ ಜಾರಿ ಜಾರಿ ಬೆನ್ನಿನ ಮೇಲೆ ಕೂತಂತಾದ. ಊಟ ಬಿಟ್ಟ ಮಾತು ಬಂತು, ಕಣ್ಣೀರಿನ ಮಾತು ಬಂತು. ಯಾರೂ ನಗಲಿಲ್ಲ. ಐರಿಸ್ ತನ್ನ ಉಗುರುಗಳು ಕುರ್ಚಿಯ ಚರ್ಮದೊಳಗೆ ಇಳಿಯುತ್ತಿರುವುದನ್ನು ಕಂಡಳು. ಮನೆ ಮಾತ್ರ ನಮ್ದು, ಎಂದಿತು ಪರದೆ. ಆಮೇಲೆ ಪಾತ್ರೆಯ ಕಿವಿ ಕಿರುಗುಟ್ಟಿತು, ಅವಳ ಅಮ್ಮ ಮಾತಾಡಿದಳು.

ದೀಪ ಹತ್ತಿತು. ಲೋರಿಂಗ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಒರೆಸಬೇಕಾದ್ದು ಕನ್ನಡಕವಲ್ಲ ಎಂದು ಕೊನೆಯ ಸಾಲಿಗೂ ತಿಳಿಯುತ್ತಿತ್ತು. ಚಿತ್ರ ಎಲ್ಲಿ ಎಂದು ಕೇಳಿದ. ಪೈಕ್ ಯಂತ್ರದ ದೋಷ ಎಂದು ತೊದಲಿದ. ಯಜಮಾನ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದ. ಒಪ್ಪಂದದ ನಟಿಗೆ ಖಾಲಿ ಕ್ಯಾಮೆರಾ ತಿರುಗಿಸಿದೆವು ಎಂದು ದುಡ್ಡು ಹಾಕುವವನ ಮುಂದೆ ಹೇಳುವುದು ಹೇಗೆ? ಬೇಕೆಂದೇ ಕತ್ತಲಿಟ್ಟದ್ದು ಎಂದ ಯಜಮಾನ. ಮುಖ ನೋಡಿ ಮರುಳಾಗುವವರು ಬಹಳ ಮಂದಿ, ಮೊದಲು ಪಾತ್ರ ಕೇಳಬೇಕು, ತನ್ನ ಪದ್ಧತಿ ಹೀಗೆ ಎಂದ. ಎಣ್ಣೆ ಮಾರಿದ ನಾಲಿಗೆ ಎಲ್ಲೂ ತಡವರಿಸಲಿಲ್ಲ.

"ಒಳ್ಳೇ ಪದ್ಧತಿ," ಎಂದ ಲೋರಿಂಗ್. "ಆ ಕಂಪನಿಯೋನು ನೀನೇ ಅಲ್ವೇನಪ್ಪ ಎಮ್ಮೆಟ್? ನಟಿಯರ ಎದುರು ನೀನೇ ನಿಂತು ಓದ್ತೀಯ ಅಂತ ಗೊತ್ತೇ ಇರ್ಲಿಲ್ಲ. ನೀಚ ಅಂದ್ರೆ ಅಂಥ ನೀಚನ್ನ ನಾನು ಯಾವ ಚಿತ್ರದಲ್ಲೂ ನೋಡಿಲ್ಲ."

 ಯಜಮಾನ ಚುಟ್ಟಾವನ್ನು ಒಂದು ಬೆರಳಿಂದ ಇನ್ನೊಂದಕ್ಕೆ ದಾಟಿಸಿದ. ಅಲ್ಲ ಎಂದರೆ ಯಾರು ಎಂದು ಹೇಳಬೇಕು, ಯಾಕೆ ಎಂದು ಹೇಳಬೇಕು. ಅಲ್ಲದೆ ಡೇರೆಯ ದಿನಗಳಿಂದ ಅವನೊಳಗೂ ಒಬ್ಬ ನಟ ಕೆಲಸಕ್ಕಾಗಿ ಕಾದು ಕೂತಿದ್ದ.

"ಏನೋ, ಹುಡುಗೀಗೆ ಸಹಾಯ ಆಗ್ಲಿ ಅಂತ," ಎಂದ.

 ಲೋರಿಂಗ್ ಕುರ್ಚಿಯನ್ನೇ ತಿರುಗಿಸಿ ಕೂತು, ಆ ಮಾತನ್ನು ಇನ್ನೊಂದು ಸಲ ಹೇಳು, ಇಲ್ಲೇ, ಕಣ್ಣೀರಿನ ಮಾತು ಎಂದು ಒತ್ತಾಯಿಸಿದ. ಯಜಮಾನ ಗಂಟಲು ಸರಿಮಾಡಿಕೊಂಡ. ಗಲ್ಲ ಕತ್ತಿಗೆಳೆದುಕೊಂಡ. ಮಗಳೇ ಎಂದ. ಮತ್ತೊಮ್ಮೆ ಮಗಳೇ ಎಂದ. ದನಿ ಕೀರಲಾಗಿ, ಶಾಲೆಯಲ್ಲಿ ಪದ್ಯ ಒಪ್ಪಿಸಿದಂತೆ ಬಂತು. ಕಣ್ಣಿಗೆ ಎಷ್ಟು ಹಿಂಸೆ ಕೊಟ್ಟರೂ ಒಂದು ಹನಿ ಇಳಿಯಲಿಲ್ಲ.

ಲೋರಿಂಗ್ ನಿರಾಸೆಯಿಂದ ತಲೆ ಅಲ್ಲಾಡಿಸಿದ. "ಇಲ್ಲ ಎಮ್ಮೆಟ್. ಆ ಸುರುಳೀಲಿ ಇದಕ್ಕಿಂತ ಜಾಸ್ತಿ ನಿನ್ ಹಾಗೇ ಇತ್ತು."

ಯಜಮಾನನ ಕತ್ತಿನ ಹಿಂಭಾಗ ಕೆಂಪಾಗುತ್ತಿರುವುದು ಕೊನೆಯ ಸಾಲಿನಿಂದ ಕಾಣುತ್ತಿತ್ತು. ಅವನು ನಿಧಾನವಾಗಿ ತಿರುಗಿದ. ಐರಿಸಳನ್ನು ಕಂಡ. ಅಲ್ಲಿ ಕೂತಿದ್ದಾಳೆಂದು ಅವನಿಗೆ ಎಷ್ಟು ಹೊತ್ತಿನಿಂದ ಗೊತ್ತಿತ್ತೋ ಹೇಳಲಾಗದು. ಆ ಕಣ್ಣುಗಳಲ್ಲಿ ಮಗಳು, ತಂದೆ ಏನೂ ಇರಲಿಲ್ಲ. ಒಂದು ಮಾತು ತಪ್ಪಾಡಿದರೆ ಈ ಬಾಗಿಲಿನಿಂದ ಹೊರಗೆ, ಊರಿನಿಂದಲೂ ಹೊರಗೆ. ಸುಮ್ಮನಿದ್ದರೆ ಡೋರೀನ್ ಫೇ.

ಅವಳು ಎದ್ದು ನಿಂತಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಬಾಯಿ ತೆರೆದಾಗ ಬಂದದ್ದು ಮತ್ತೆ ಅದೇ ಜೇನಿನ ಗರಗಸ.

"ಲೋರಿಂಗ್, ಈವತ್ತು ಗಂಟಲು ಕೆಟ್ಟಿದೆ ಕಣಯ್ಯ, ನಟನೆ ಬಿಡು. ಆದ್ರೆ ತೀರ್ಮಾನ ಕೆಟ್ಟಿಲ್ಲ. ಆ ವಿಧವೆ ನಮ್ ಐರಿಸ್. ಬೇರೆ ಯಾರನ್ನ ಹಾಕಿದ್ರೂ ನಾನು ಊಟ ಬಿಡ್ತೀನಿ. ಮಧ್ಯಾಹ್ನದ್ದು."

ಲೋರಿಂಗ್ ಯಜಮಾನನನ್ನು ನೋಡಿದ, ಐರಿಸಳನ್ನು ನೋಡಿದ, ಮತ್ತೆ ಯಜಮಾನನನ್ನು ನೋಡಿದ. ಒಣಕೆಮ್ಮಿನಂಥದ್ದೊಂದು ಅವನ ಎದೆಯಿಂದ ಹೊರಟು ನಗೆಯಾಯಿತು. ಯಂತ್ರದ ಗೂಡಿನ ಕಿಂಡಿಯಿಂದ ಗಸ್ ನಕ್ಕದ್ದು ಕೇಳಿಸಿತು. ಪೈಕ್ ಅರ್ಧ ಬಾಯಿ ತೆರೆದು, ನಗಲು ಅಪ್ಪಣೆಯಿದೆಯೇ ಎಂದು ಯಜಮಾನನ ಮುಖವನ್ನೇ ನೋಡುತ್ತಿದ್ದ.

ಯಜಮಾನ ಎದ್ದ. ಅವಳ ಕಡೆಗೆ ಬಂದ. ನಡುವಿನ ಸಾಲುಗಳನ್ನು ಸುತ್ತಿ ಬರುವ ತನಕ ಕೋಣೆಯಲ್ಲಿದ್ದವರ ನಗು ಒಂದೊಂದಾಗಿ ಆರಿತು. ಅವಳ ಮುಂದೆ ನಿಂತ. ಐರಿಸ್ ಕಣ್ಣು ತೆಗೆಯಲಿಲ್ಲ.

"ಇನ್ನೊಂದ್ಸಲ ಹೇಳು," ಎಂದ.

"ಯಾವುದು, ಯಜಮಾನ್ರೇ?"

"ನನ್ ತೀರ್ಮಾನ."

ಅವಳು ಅವನ ದನಿಯಲ್ಲಿ ಅವನಿಗೇ ಹೇಳಿದಳು. ವಿಧವೆ ನಮ್ ಐರಿಸ್.

ಯಜಮಾನ ಪೈಕ್ ಕಡೆ ತಿರುಗಿ, ಕೇಳಿಸ್ತೇನಯ್ಯ, ನಾನು ಹೇಳಿದ್ದಾಯ್ತು, ಬರ್ಕೋ ಎಂದ. ಎನ್ನುವಷ್ಟರಲ್ಲಿ ಅವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಚುಟ್ಟಾ ಕೆಳಗೆ ಬಿತ್ತು. ಲೋರಿಂಗ್ ಮತ್ತೆ ಶುರು ಮಾಡಿದ, ಪೈಕ್ ಸೇರಿಕೊಂಡ, ಗಸ್ ಮೇಲಿಂದ ಕಿಂಡಿಯನ್ನು ಬಡಿಯುತ್ತಿದ್ದ. ಐರಿಸಳ ಗಂಟಲಲ್ಲಿ ಆ ಮನುಷ್ಯನ ನಗೆಗಳೆಲ್ಲ ಸಂಗ್ರಹವಿದ್ದವು, ಬ್ಯಾಂಕಿನವರ ಮುಂದಿನದು, ಪತ್ರಿಕೆಯವರ ಮುಂದಿನದು, ಕೆಲಸ ಕಿತ್ತುಕೊಳ್ಳುವ ಮೊದಲಿನದು. ಕುರ್ಚಿಯ ತೋಳು ಹಿಡಿದು ಬಗ್ಗಿ, ಉಸಿರು ಸಿಗದೆ, ಎಲ್ಲರಿಗಿಂತ ಜೋರಾಗಿ ಅವನು ಈಗ ನಗುತ್ತಿದ್ದ ನಗೆ ಮಾತ್ರ ಅವಳ ಬಳಿ ಇರಲಿಲ್ಲ. ಅವಳು ಕಿವಿಗೊಟ್ಟು ಕೇಳತೊಡಗಿದಳು.